ಡ್ರಿಪ್ಸ್ ಜೋಡಿಸುವ ಕೈ ನೋಡಿ: ಮೈಸೂರಿನ ಒಂದು ಆಸ್ಪತ್ರೆಯ ಐಸಿಯು ಮತ್ತು ವಾರ್ಡ್

ಇದು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಬಗ್ಗೆ ನನ್ನ ಅಭಿಪ್ರಾಯ. ಹೊಗಳುವುದೂ ಇದೆ, ದೂರುವುದೂ ಇದೆ. ಆದ್ದರಿಂದ ಹೆಸರು ಹಾಕುತ್ತಿಲ್ಲ. ನೀವು ಯಾವ ಆಸ್ಪತ್ರೆಗೆ ಹೋದರೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಲಾಬಿ, ಲಿಫ್ಟ್, ರಿಸೆಪ್ಷನ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಅಲ್ಲಿ ಕೂತು ನೋಡಿದ್ದು ಮುಖ್ಯವಾಗಿ ಒಂದೇ ವಿಷಯ. ರೋಗಿಯ ರಕ್ತಕ್ಕೆ ನೇರವಾಗಿ ಹೋಗುವ ಡ್ರಿಪ್ಸನ್ನು ಇಲ್ಲಿ ಯಾರು, ಹೇಗೆ, ಎಷ್ಟು ಎಚ್ಚರದಿಂದ ಹಾಕುತ್ತಾರೆ ಅನ್ನುವುದು.

ಮಂಡ್ಯದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಡಿ ಫಾರ್ಮ ಓದಿದ್ದೇನೆ. ಎನ್‌ಎಸ್ (ಉಪ್ಪುನೀರು, ನಾರ್ಮಲ್ ಸಲೈನ್), ಡಿಎನ್‌ಎಸ್ (ಗ್ಲೂಕೋಸ್ ಸೇರಿದ ಉಪ್ಪುನೀರು), ಆರ್‌ಎಲ್ (ಲವಣಗಳ ದ್ರವ, ರಿಂಗರ್ ಲ್ಯಾಕ್ಟೇಟ್), ಈ ಡ್ರಿಪ್ಸ್ ಬಾಟಲಿಗಳ ಪೆಟ್ಟಿಗೆ ದಿನಾ ಇಳಿಸಿಕೊಳ್ಳುತ್ತೇನೆ. ಕೊಡುವ ಮುಂಚೆ ಬಾಟಲಿಯನ್ನು ಅಮುಕಿ ಎಲ್ಲಾದರೂ ಜಿನುಗುತ್ತಾ ಅಂತ ನೋಡುವುದು, ಬೆಳಕಿಗೆ ಹಿಡಿದು ಒಳಗೆ ಏನಾದರೂ ತೇಲುತ್ತಾ ಅಂತ ನೋಡುವುದು ಕೈಗೆ ಅಭ್ಯಾಸವಾಗಿ ಹೋಗಿದೆ. ಹಾಗಾಗಿ ಆಸ್ಪತ್ರೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಸ್ಟ್ಯಾಂಡಿಗೆ.

ನಮ್ಮವ್ವನಿಗೆ ಪಿತ್ತಕೋಶದ ಕಲ್ಲು ಜಾರಿ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ, ಆಗಿತ್ತು. ಈ ಕಾಯಿಲೆಗೆ ಶುರುವಿನಲ್ಲಿ ಡ್ರಿಪ್ಸೇ ದೊಡ್ಡ ಔಷಧಿ. ಕೈಯಲ್ಲಿ ನರ ಸಿಗಲಿಲ್ಲ ಅಂತ ಕುತ್ತಿಗೆಗೆ ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳಕ್ಕೆ ಇಳಿಸುವ ಉದ್ದನೆಯ ಕೊಳವೆ, ಹಾಕಿದ್ದರು. ಇದು ಮೈಸೂರಿಗೆ ಬರುವ ಮುಂಚಿನ ಬೇರೆ ಆಸ್ಪತ್ರೆಯ ಕಥೆ. ಹೊಟ್ಟೆನೋವು ಇಳಿಯುತ್ತಾ ಬಂದಿತ್ತು. ಒಂದು ಸಂಜೆ ಹೊಸ ಬಾಟಲಿ ಏರಿಸಿದ ಸ್ವಲ್ಪ ಹೊತ್ತಿಗೆ ಮಂಚವೇ ಅಲ್ಲಾಡುವ ಹಾಗೆ ನಡುಕ ಬಂತು. ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. "ಒಳಗೆಲ್ಲಾ ಐಸ್ ಸುರ್ದಂಗಾಯ್ತದೆ ಕಣವ್ವ" ಅಂದಳು. ಆಮೇಲೆ ಜ್ವರ ಏರಿತು, ಬಿಪಿ ಇಳಿಯಿತು.

ಡ್ರಿಪ್ಸ್ ಓಡುತ್ತಿರುವಾಗಲೇ ಹೀಗೆ ನಡುಕ ಬಂದರೆ ಮೊದಲು ಆ ಬಾಟಲಿಯನ್ನು ನಿಲ್ಲಿಸಬೇಕು. ಬಾಟಲಿಯನ್ನೂ ಸೆಟ್ಟನ್ನೂ (ಬಾಟಲಿಯಿಂದ ರೋಗಿಗೆ ಬರುವ ಪೈಪು) ಹಾಗೇ ತೆಗೆದಿಟ್ಟು ಲ್ಯಾಬಿಗೆ ಕಳಿಸಬೇಕು. ಅಲ್ಲಿ ಹಾಗೆ ಮಾಡಲಿಲ್ಲ. ಅಲರ್ಜಿಗೆ ಕೊಡುವ ಒಂದು ಇಂಜೆಕ್ಷನ್, ಒಂದು ಸ್ಟಿರಾಯ್ಡ್ ಕೊಟ್ಟರು. ನಡುಕ ಸ್ವಲ್ಪ ಕಡಿಮೆ ಆದಮೇಲೆ ಅದೇ ಬಾಟಲಿಯನ್ನು ಮತ್ತೆ ಓಡಿಸಿದರು. ನಾನು ಬೇಡ ಅಂತ ಕೂಗಾಡಿದ ಮೇಲೆ ನಿಲ್ಲಿಸಿದರು. ಬೆಳಿಗ್ಗೆ ಬಾಟಲಿ ಕೇಳಿದರೆ ಅದು ಕೆಂಪು ಚೀಲ ಸೇರಿ, ಕಸದ ಗಾಡಿಯಲ್ಲಿ ಹೋಗಿಯಾಗಿತ್ತು. ನನ್ನ ತಮ್ಮ ಆಂಬುಲೆನ್ಸ್ ಮಾತಾಡಿದ. ಶ್ರೀರಂಗಪಟ್ಟಣ ದಾಟುವಾಗ ಅವ್ವನಿಗೆ ಮಾತು ತೊದಲುತ್ತಿತ್ತು.

ಮೈಸೂರಿನ ಈ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಮ್ಮನ್ನು ಕೇಳಿದ ಮೊದಲ ಕೆಲವು ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: "ನಡುಕ ಬಂದಾಗ ಯಾವ ಬಾಟಲಿ ಓಡ್ತಿತ್ತು? ಬ್ಯಾಚ್ ನಂಬರ್ ಏನಾದ್ರೂ ಬರ್ಕೊಂಡಿದ್ದೀರಾ?" ಕೇಳಿದವರು ವಯಸ್ಸಿನಲ್ಲಿ ಚಿಕ್ಕ ಡ್ಯೂಟಿ ಡಾಕ್ಟರ್. ಬ್ಯಾಚ್ ನಂಬರ್ ನನ್ನ ಹತ್ತಿರ ಇತ್ತು. ಹೊರಗಿಂದ ತರಿಸಿದ ಬಾಟಲಿಗಳಾದ್ದರಿಂದ ಬಿಲ್ಲಿನಲ್ಲೇ ಅಚ್ಚಾಗಿತ್ತು. ಅವರು ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡರು. ಈ ಆಸ್ಪತ್ರೆಯ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಅಲ್ಲೇ.

ಯಾಕೆ ಅಂತ ಹೇಳುತ್ತೇನೆ. ಡ್ರಿಪ್ಸ್ ಬಾಟಲಿಯೇ ಕೆಟ್ಟಿರಬಹುದು ಅನ್ನುವ ಅನುಮಾನ ಬಹಳ ಡಾಕ್ಟರುಗಳಿಗೆ ಬರುವುದೇ ಇಲ್ಲ. ಬರದೇ ಇದ್ದಾಗ ಏನಾಗುತ್ತೆ ಅನ್ನುವುದಕ್ಕೆ ದೊಡ್ಡ ದೊಡ್ಡ ಉದಾಹರಣೆಗಳಿವೆ. 1970ರ ಜುಲೈಯಿಂದ 1971ರ ಏಪ್ರಿಲ್‌ವರೆಗೆ ಅಮೆರಿಕದ 25 ಆಸ್ಪತ್ರೆಗಳಲ್ಲಿ 378 ಜನರಿಗೆ ರಕ್ತದ ಸೋಂಕು ತಗುಲಿತು. ಎಲ್ಲರಿಗೂ ಹೋಗಿದ್ದು ಒಂದೇ ಕಂಪನಿಯ ಡ್ರಿಪ್ಸ್. ತಪ್ಪು ಇದ್ದದ್ದು ದ್ರವದಲ್ಲಿ ಅಲ್ಲ, ಬಾಟಲಿಯ ಮುಚ್ಚಳದಲ್ಲಿ. ಮುಚ್ಚಳದ ಒಳಗಿನ ಪದರವನ್ನು ಹೊಸದಾಗಿ ಬದಲಾಯಿಸಿದ್ದರು. ಅದರಲ್ಲಿ ಎಂಟರೋಬ್ಯಾಕ್ಟರ್ ಜಾತಿಯ ಬ್ಯಾಕ್ಟೀರಿಯಾ ಕೂತಿತ್ತು. ಔಷಧಿ ಸೇರಿಸಲು ಮುಚ್ಚಳ ತಿರುಗಿಸಿ ತೆಗೆದು ಮತ್ತೆ ಹಾಕಿದರೆ ಒಳಗೆ ಬೀಳುತ್ತಿತ್ತು. ಬಾಟಲಿಗಳನ್ನು ವಾಪಸ್ ತರಿಸಿದ ಮೇಲೆ ಸೋಂಕು ನಿಂತಿತು. ಡ್ರಿಪ್ಸ್ ಸೆಟ್ಟನ್ನು ದಿನಕ್ಕೊಮ್ಮೆ ಬದಲಾಯಿಸುವ ರೂಢಿ ಗಟ್ಟಿಯಾಗಿದ್ದು ಆ ಪ್ರಕರಣದಿಂದ. ಈಗ ಅಷ್ಟು ಬೇಗ ಬೇಕಿಲ್ಲ ಅಂತ ಗೊತ್ತಾಗಿದೆ.

ಮುಂದಿನ ವರ್ಷವೇ, 1972ರಲ್ಲಿ, ಇಂಗ್ಲೆಂಡಿನ ಪ್ಲಿಮತ್‌ನ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಬಾಟಲಿಗಳಿಂದ ಐವರು ಸತ್ತರು. ಬಾಟಲಿಗಳನ್ನು ಬಿಸಿ ಹಬೆಯಲ್ಲಿ ಸ್ಟೆರೈಲ್ ಮಾಡುವ ಕಾರ್ಖಾನೆಯ ಆಟೋಕ್ಲೇವ್‌ನಲ್ಲಿ ಗಾಳಿ ಪೂರ್ತಿ ಹೊರಹೋಗದೆ ಕೆಳಗೆ ಉಳಿದಿತ್ತು. ಕೆಳಗಿನ ಸಾಲಿನ ಬಾಟಲಿಗಳಿಗೆ ಬೇಕಾದ ಕಾವು ಮುಟ್ಟಲೇ ಇಲ್ಲ. ನೋವಾಗುವ ಸಂಗತಿ ಏನೆಂದರೆ, ತಾಪ ಏರಿಲ್ಲ ಅಂತ ಒಂದು ಥರ್ಮಾಮೀಟರ್ ತೋರಿಸುತ್ತಲೇ ಇತ್ತು. ಅದು ಕೆಟ್ಟಿರಬೇಕು ಅಂದುಕೊಂಡು ಕೆಲಸದವರು ಬೇರೆ ಮೀಟರ್ ನಂಬಿದರು. ಬಾಟಲಿಗಳು ಪಾಸಾಗಿ ಹೊರಬಂದವು.

ನಮ್ಮ ರಾಜ್ಯದ್ದೇ ಬೇಕು ಅಂದರೆ ಬಳ್ಳಾರಿ ಇದೆ. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಐದು ತಾಯಂದಿರು. ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಮೇಲೆ. ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ಬಾಟಲಿಗಳ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ವಾರ ನನ್ನ ಅಂಗಡಿಗೆ ಬಂದವರೆಲ್ಲ "ಇದು ಯಾವ ಕಂಪನಿ ಮೇಡಂ?" ಅಂತ ಬಾಟಲಿ ತಿರುಗಿಸಿ ನೋಡುತ್ತಿದ್ದರು. ಈಗ ಯಾರೂ ನೋಡುವುದಿಲ್ಲ. ಗುಣಮಟ್ಟ ಇಲ್ಲದ ಔಷಧಿಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಬಿಡುತ್ತದೆ. ಅದನ್ನು ತೆಗೆದು ನೋಡುವ ಅಂಗಡಿಯವರೇ ಕಡಿಮೆ.

ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗಲ್ವಾ ಅಂತ ಕೇಳಬಹುದು. ಗೊತ್ತಾಗುವುದಿಲ್ಲ. ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದರೂ ಬಾಟಲಿ ತಿಳಿಯಾಗೇ ಕಾಣಬಹುದು. ಬಾಟಲಿ ಕದಡಿದ್ದರೆ, ಏನಾದರೂ ತೇಲುತ್ತಿದ್ದರೆ ಅದನ್ನು ಬಳಸಬಾರದು, ಸರಿ. ಆದರೆ ತಿಳಿಯಾಗಿದೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ಅಲ್ಲ. ಕಾರ್ಖಾನೆಯಲ್ಲೂ ಒಂದು ಬ್ಯಾಚಿನಿಂದ ಕೆಲವೇ ಬಾಟಲಿ ತೆಗೆದು 14 ದಿನ ಇಟ್ಟು ಪರೀಕ್ಷೆ ಮಾಡುತ್ತಾರೆ. ಸಾವಿರಾರು ಬಾಟಲಿಗಳಲ್ಲಿ ಅಲ್ಲೊಂದು ಇಲ್ಲೊಂದು ಕೆಟ್ಟಿದ್ದರೆ ಆ ಪರೀಕ್ಷೆಗೆ ಸಿಗದೇ ಹೋಗಬಹುದು. ಕ್ಲೆಬ್ಸಿಯೆಲ್ಲಾ, ಎಂಟರೋಬ್ಯಾಕ್ಟರ್, ಸೆರೇಶಿಯಾ ಅನ್ನುವ ಬ್ಯಾಕ್ಟೀರಿಯಾಗಳೆಲ್ಲ 5% ಡೆಕ್ಸ್‌ಟ್ರೋಸ್‌ನಲ್ಲಿ, ಬರೀ ರೂಮಿನ ಕಾವಿನಲ್ಲೇ, ಒಂದು ದಿನದೊಳಗೆ ಲಕ್ಷಗಟ್ಟಲೆ ಆಗುವ ಜಾತಿಯವು. ಸ್ಯೂಡೋಮೋನಾಸ್ ತರಹದವಕ್ಕೆ ಡಿಸ್ಟಿಲ್ಡ್ ವಾಟರ್ ಇದ್ದರೂ ಸಾಕು.

ಮತ್ತೆ ಆಸ್ಪತ್ರೆಗೆ ಬರುತ್ತೇನೆ. ತುರ್ತು ವಿಭಾಗದಲ್ಲಿ ಅವರು ಕೆಲಸ ಮಾಡಿದ ಕ್ರಮ ಚೆನ್ನಾಗಿತ್ತು. ಮೊದಲು ಬ್ಲಡ್ ಕಲ್ಚರಿಗೆ, ಅಂದರೆ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆದರು. ಕುತ್ತಿಗೆಯ ಲೈನಿನಿಂದ ಒಂದು, ತೋಳಿನಿಂದ ಒಂದು, ಎರಡೂ ಒಂದೇ ಹೊತ್ತಿಗೆ. ಕಲ್ಚರ್ ಬಾಟಲಿಯ ಮೇಲೆ ಎಲ್ಲಿಂದ ತೆಗೆದದ್ದು, ಎಷ್ಟು ಗಂಟೆಗೆ ಅಂತ ಬರೆದರು. ಆಮೇಲೆ ಆಂಟಿಬಯೋಟಿಕ್ ಶುರು ಮಾಡಿದರು. ಇದನ್ನು ತಿರುವುಮುರುವು ಮಾಡಿದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ಕೈಯ ನರಕ್ಕೆ ಹೊಸ ಕ್ಯಾನುಲಾ (ಡ್ರಿಪ್ಸ್ ಹಾಕುವ ಪುಟ್ಟ ಕೊಳವೆ) ಕೂತ ತಕ್ಷಣ ಕುತ್ತಿಗೆಯ ಹಳೆ ಲೈನ್ ತೆಗೆದೇ ಬಿಟ್ಟರು. "ಇನ್ನೊಂದು ದಿನ ನೋಡೋಣ" ಅನ್ನಲಿಲ್ಲ.

ಎರಡೂ ಕಲ್ಚರ್ ಬಾಟಲಿಗಳಲ್ಲಿ ಕ್ಲೆಬ್ಸಿಯೆಲ್ಲಾ ಬೆಳೆಯಿತು. ಲೈನಿನಿಂದ ತೆಗೆದದ್ದು ತೋಳಿನದಕ್ಕಿಂತ ಎರಡು ಗಂಟೆಗೂ ಮುಂಚೆ ಮೆಷಿನ್‌ನಲ್ಲಿ ಪಾಸಿಟಿವ್ ತೋರಿಸಿತು. ಲೈನಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದ್ದರೆ ಅದು ಬೇಗ ಬೆಳೆಯುತ್ತದೆ. ಅಂದರೆ ಸೋಂಕು ಹೊಕ್ಕ ದಾರಿ ಆ ಲೈನೇ ಅಂತ ಬಲವಾಗಿ ಹೇಳಬಹುದು. ಮೈಕ್ರೋಬಯಾಲಜಿ ಡಾಕ್ಟರು ಐಸಿಯು ಬಾಗಿಲಿಗೆ ಬಂದು ಇಷ್ಟನ್ನೂ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಡ್ರಿಪ್ಸ್ ಬಾಟಲಿಯಿಂದ ಬಂತಾ, ಜೋಡಿಸಿದ ಕೈಯಿಂದ ಬಂತಾ ಅಂತ ಕೇಳಿದೆ. "ಬಾಟಲಿ ಸಿಕ್ಕಿದ್ರೆ ಹೇಳಬಹುದಿತ್ತಮ್ಮ. ಹೆಚ್ಚಿನ ಕೇಸುಗಳಲ್ಲಿ ಕೈ, ಚರ್ಮ, ಲೈನಿನ ಬಾಯಿ, ಇಲ್ಲಿಂದಲೇ ಬರೋದು. ನಿಮ್ಮ ತಾಯಿಗೆ ಯಾವುದು ಅಂತ ಈಗ ಹೇಳೋಕಾಗಲ್ಲ" ಅಂದರು. ಹಾಗಾಗಿ ನಾನೂ ಆ ಹಳೆ ಆಸ್ಪತ್ರೆಯ ಬಾಟಲಿಯ ಮೇಲಾಗಲಿ, ಸಿಸ್ಟರ್ ಮೇಲಾಗಲಿ ಹೊರಿಸುತ್ತಿಲ್ಲ. ಬಾಟಲಿ ಎಸೆದದ್ದರ ಮೇಲೆ ಮಾತ್ರ ನನ್ನ ಸಿಟ್ಟು ಹಾಗೇ ಇದೆ.

ಇನ್ನು ಐಸಿಯು. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಒಳಗೆ ಒಬ್ಬರನ್ನು ಸ್ವಲ್ಪ ಹೊತ್ತು ಬಿಡುತ್ತಿದ್ದರು. ಹಾಸನದ ಕಡೆಯ ಒಬ್ಬ ಸಿಸ್ಟರ್ ಅವ್ವನನ್ನು ನೋಡಿಕೊಳ್ಳುತ್ತಿದ್ದರು. ಇಂಜೆಕ್ಷನ್ ಕೊಡುವ ಮುಂಚೆ ಅವರು ಮಾಡುತ್ತಿದ್ದದ್ದನ್ನು ನಾನು ಮಂಚದ ಕಾಲಹತ್ತಿರ ನಿಂತು ನೋಡಿದೆ. ಕೈಗೆ ಸ್ಯಾನಿಟೈಜರ್ ಹಾಕಿ ಬೆರಳ ತುದಿ, ಹೆಬ್ಬೆರಳ ಸುತ್ತ, ಎಲ್ಲಾ ಉಜ್ಜಿದರು. ಗ್ಲೌಸ್ ಹಾಕಿದರು. ಲೈನಿನ ತುದಿಯಲ್ಲಿ ಸಿರಿಂಜ್ ಕೂರಿಸುವ ಪುಟ್ಟ ಬಾಯಿ ಇರುತ್ತಲ್ಲ, ಹಬ್ ಅನ್ನುತ್ತಾರೆ, ಅದಕ್ಕೆ ಆಲ್ಕೋಹಾಲ್ ಸ್ವಾಬ್ ಸುತ್ತಿ ಹಿಡಿದು ತಿರುಚಿ ತಿರುಚಿ ಉಜ್ಜಿದರು. ತುದಿಯನ್ನೂ ಉಜ್ಜಿದರು, ಪಕ್ಕದ ಸುತ್ತನ್ನೂ ಉಜ್ಜಿದರು. ತುಟಿ ಅಲ್ಲಾಡುತ್ತಿತ್ತು. ಹದಿನೈದರವರೆಗೆ ಎಣಿಸುತ್ತಿದ್ದರು. ಆಮೇಲೆ ಕೈಯಲ್ಲೇ ಎತ್ತಿ ಹಿಡಿದು, ಎಲ್ಲೂ ತಾಗಿಸದೆ ಒಣಗಲು ಬಿಟ್ಟರು. ಊದಲಿಲ್ಲ, ಬೀಸಲಿಲ್ಲ. ಒಣಗಿದ ಮೇಲೆ ಸಿರಿಂಜ್ ಕೂರಿಸಿದರು. ಮುಗಿದ ಮೇಲೆ ಹೊಸ ಕ್ಯಾಪ್ ಹಾಕಿದರು. ಹಳೆ ಕ್ಯಾಪನ್ನು ಟ್ರೇಯಲ್ಲಿ ಇಟ್ಟುಕೊಂಡು ಮತ್ತೆ ಹಾಕುವುದನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಇಲ್ಲಿ ಹಳೆಯದು ನೇರ ಕಸಕ್ಕೆ.

ಪಕ್ಕದ ಮಂಚದಲ್ಲಿ ಅಲಾರಂ ಹೊಡೆಯುತ್ತಿತ್ತು. ಯಾರೋ ಕೂಗಿದರು. ಅವರು ಎಣಿಕೆ ಮುಗಿಸಿಯೇ ಹೋದರು. ಅಷ್ಟು ಗಡಿಬಿಡಿಯಲ್ಲೂ ಆ ಹದಿನೈದು ಸೆಕೆಂಡ್ ಬಿಡಲಿಲ್ಲ ಅನ್ನುವುದು ನನಗೆ ಬಹಳ ದೊಡ್ಡದಾಗಿ ಕಂಡಿತು. ಆ ಸಿಸ್ಟರ್‌ಗೆ ಕೈಮುಗಿಯಬೇಕು.

ಒಂದೊಂದು ಮಂಚದ ತಲೆಕಡೆ ಒಂದು ಹಾಳೆ ನೇತುಹಾಕಿರುತ್ತಾರೆ. ಲೈನ್ ಹಾಕಿದ ತಾರೀಕು, ಡ್ರೆಸ್ಸಿಂಗ್ ಬದಲಾಯಿಸಿದ ತಾರೀಕು, ಸೆಟ್ ಬದಲಾಯಿಸಿದ ತಾರೀಕು, ಕೆಳಗೆ ಒಂದು ಪ್ರಶ್ನೆ: "ಲೈನ್ ಇವತ್ತೂ ಬೇಕಾ?" ಬೆಳಗಿನ ರೌಂಡ್ಸ್‌ನಲ್ಲಿ ದೊಡ್ಡ ಡಾಕ್ಟರು ಇದಕ್ಕೆ ಉತ್ತರ ಬರೆದು ಸಹಿ ಹಾಕಬೇಕು. ಇದು ಸುಮ್ನೆ ಶೋಕಿಗೆ ಅಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಐದೇ ಐದು ಕೆಲಸ ಕಟ್ಟುನಿಟ್ಟು ಮಾಡಿದರು. ಕೈ ತೊಳೆಯುವುದು, ಲೈನ್ ಹಾಕುವಾಗ ರೋಗಿಯನ್ನು ಪೂರ್ತಿ ಸ್ಟೆರೈಲ್ ಬಟ್ಟೆಯಿಂದ ಮುಚ್ಚಿ, ಹಾಕುವವರು ಗೌನು, ಗ್ಲೌಸು, ಮಾಸ್ಕು, ಟೋಪಿ ತೊಡುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಅನ್ನುವ ಬ್ಯಾಕ್ಟೀರಿಯಾ ಕೊಲ್ಲುವ ದ್ರಾವಣ ಹಚ್ಚುವುದು, ಆದಷ್ಟು ತೊಡೆಸಂದಿಯಲ್ಲಿ ಹಾಕದಿರುವುದು, ಬೇಡವಾದ ಲೈನನ್ನು ತೆಗೆದುಬಿಡುವುದು. 2006ರಲ್ಲಿ ಅದರ ಫಲ ಪ್ರಕಟವಾಯಿತು. 1,000 ಲೈನ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್ ದಿನ) 2.7 ಇದ್ದ ಸೋಂಕಿನ ಮಧ್ಯಮಾಂಕ (ಮೀಡಿಯನ್) ಮೂರು ತಿಂಗಳಲ್ಲಿ ಸೊನ್ನೆಗೆ ಬಂದಿತ್ತು. ಹೊಸ ಔಷಧಿ ಇಲ್ಲ, ಹೊಸ ಮೆಷಿನ್ ಇಲ್ಲ. ನಮ್ಮ ದೇಶದ ಐಸಿಯುಗಳ ಮಟ್ಟಿಗೆ 2017ರಿಂದ 2024ರವರೆಗೆ ಏಮ್ಸ್ ಮುಂದಾಳತ್ವದಲ್ಲಿ ಕಲೆಹಾಕಿದ ಲೆಕ್ಕದಲ್ಲಿ 1,000 ಲೈನ್ ದಿನಗಳಿಗೆ ಸೋಂಕು 9ರ ಹತ್ತಿರ ಇದೆ. ಎಷ್ಟು ದೂರ ಹೋಗಬೇಕು ನೋಡಿ.

ಐಸಿಯುನ ಇನ್ನೊಂದು ಒಳ್ಳೆಯ ವಿಷಯ ಆಂಟಿಬಯೋಟಿಕ್‌ದು. ಮೊದಲು ಮೆರೋಪೆನೆಮ್ ಅನ್ನುವ ಬಲವಾದ ಆಂಟಿಬಯೋಟಿಕ್ ಹಾಕಿದ್ದರು. ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತೆ ಅಂತ ಹೇಳುವ ಸೆನ್ಸಿಟಿವಿಟಿ ರಿಪೋರ್ಟ್ ಬಂದಮೇಲೆ ಸಾಧಾರಣ ಔಷಧಿಯೇ ಸಾಕು ಅಂತ ಅದಕ್ಕೆ ಇಳಿಸಿದರು. ಬಿಲ್ ಏರಲಿ ಅನ್ನುವ ಆಸ್ಪತ್ರೆ ಹೀಗೆ ಇಳಿಸುವುದಿಲ್ಲ. ಕ್ಲೆಬ್ಸಿಯೆಲ್ಲಾ ಎಷ್ಟೋ ಜನಕ್ಕೆ ಮೆರೋಪೆನೆಮ್‌ಗೂ ಬಗ್ಗದೆ ಕೊಲಿಸ್ಟಿನ್‌ವರೆಗೆ ಹೋಗುತ್ತದೆ. ಅದು ಕಿಡ್ನಿಗೆ ಪೆಟ್ಟು ಕೊಡುವ ಔಷಧಿ. ಅವ್ವನ ಅದೃಷ್ಟ ಚೆನ್ನಾಗಿತ್ತು.

ಈಗ ದೂರು. ಐಸಿಯುನಿಂದ ಮೇಲಿನ ಮಹಡಿಯ ಜನರಲ್ ವಾರ್ಡಿಗೆ ಹಾಕಿದ ಮೇಲೆ ನಾನು ಬೇರೆ ಆಸ್ಪತ್ರೆಗೇ ಬಂದೆನೇನೋ ಅನ್ನಿಸಿತು. ಒಂದೇ ಕಟ್ಟಡ, ಒಂದೇ ಹೆಸರು, ಒಂದೇ ಯೂನಿಫಾರಂ. ಆದರೂ ಕೆಲಸ ಬೇರೆ.

ಮೊದಲ ದಿನವೇ ಕಣ್ಣಿಗೆ ಬಿದ್ದದ್ದು ಸೂಜಿ. ಐಸಿಯುನಲ್ಲಿ ಮೆತ್ತನೆ ಬ್ಯಾಗಿನಲ್ಲಿ ಡ್ರಿಪ್ಸ್ ಇತ್ತು. ದ್ರವ ಇಳಿದ ಹಾಗೆ ಬ್ಯಾಗು ತಾನೇ ಕುಗ್ಗುತ್ತದೆ, ಒಳಗೆ ಗಾಳಿ ಬೇಕಿಲ್ಲ. ವಾರ್ಡಿನಲ್ಲಿ ಇದ್ದದ್ದು ಸ್ವಲ್ಪ ಗಡಸು ಪ್ಲಾಸ್ಟಿಕ್ ಬಾಟಲಿ. ಇದು ಪೂರ್ತಿ ಕುಗ್ಗುವುದಿಲ್ಲ. ಅರ್ಧ ಆಗುವ ಹೊತ್ತಿಗೆ ಹನಿ ನಿಧಾನ ಆಗುತ್ತದೆ. ಆಗ ಸಿಸ್ಟರ್ ಒಂದು ಸೂಜಿ ತೆಗೆದು ತಲೆಕೆಳಗಾಗಿ ತೂಗುವ ಬಾಟಲಿಯ ಮೇಲ್ಗಡೆ ಚುಚ್ಚಿಬಿಡುತ್ತಾರೆ. ಗಾಳಿ ಒಳಗೆ ನುಗ್ಗುತ್ತದೆ, ಹನಿ ಸಲೀಸಾಗಿ ಓಡುತ್ತದೆ. ನೀವೂ ನೋಡಿರುತ್ತೀರಿ. ಮಂಡ್ಯ, ಮೈಸೂರು ಅಂತಲ್ಲ, ಎಲ್ಲಾ ಕಡೆ ಇದೆ.

ಆ ಗಾಳಿ ಎಲ್ಲಿಯದು? ವಾರ್ಡಿನದ್ದು. ಕೆಮ್ಮುವವರು, ಬೆಡ್‌ಶೀಟ್ ಕೊಡವುವವರು, ಮೇಲೆ ತಿರುಗುವ ಫ್ಯಾನು, ಇವೆಲ್ಲದರ ನಡುವಿನ ಗಾಳಿ. ಆ ಸೂಜಿಯ ತೂತಿನಲ್ಲಿ ಯಾವ ಸೋಸುವ ಪರದೆಯೂ ಇಲ್ಲ. ಬಾಟಲಿಯ ಹೊರಮೈಯನ್ನು ಒರೆಸಿಯೂ ಇರಲಿಲ್ಲ. ಕಾರ್ಖಾನೆಯಲ್ಲಿ ಅಷ್ಟು ಕಷ್ಟಪಟ್ಟು ಸ್ಟೆರೈಲ್ ಮಾಡಿ ಸೀಲ್ ಹಾಕಿದ್ದನ್ನು ನಾವು ಮಂಚದ ಪಕ್ಕದಲ್ಲಿ ತೂತು ಮಾಡುತ್ತೇವೆ. ಅರ್ಜೆಂಟೀನಾ, ಮೆಕ್ಸಿಕೋ, ಬ್ರೆಜಿಲ್, ಇಟಲಿಯ ಐಸಿಯುಗಳಲ್ಲಿ ಗಾಳಿ ಬಿಡಬೇಕಾದ ಬಾಟಲಿಯಿಂದ ಕುಗ್ಗುವ ಬ್ಯಾಗಿಗೆ ಬದಲಾಯಿಸಿ ನೋಡಿದ್ದಾರೆ. ಬೇರೆ ಏನನ್ನೂ ಬದಲಾಯಿಸದೆ ಲೈನ್ ಸೋಂಕು ಚೆನ್ನಾಗಿಯೇ ಇಳಿದಿದೆ. ಬ್ಯಾಗಿಗೆ ಬೆಲೆ ಜಾಸ್ತಿ, ನಿಜ. ನಾನೇ ಮಾರುತ್ತೇನೆ, ನನಗೆ ಗೊತ್ತು. ಬಾಟಲಿಯೇ ಗತಿ ಅಂದರೆ ಏರ್ ವೆಂಟ್ ಇರುವ ಸೆಟ್ ಬರುತ್ತದೆ. ಅದರಲ್ಲಿ ಗಾಳಿ ಸೋಸುವ ಫಿಲ್ಟರ್ ಇರುತ್ತದೆ. ಬರೀ ಸೂಜಿ ಚುಚ್ಚುವುದಕ್ಕಿಂತ ಎಷ್ಟೋ ವಾಸಿ.

ನಾನು ಸಿಸ್ಟರ್ ಹತ್ತಿರ ನಿಧಾನವಾಗಿಯೇ ಕೇಳಿದೆ. "ಸಿಸ್ಟರ್, ಈ ಸೂಜಿ ಬೇಡ. ವೆಂಟ್ ಇರೋ ಸೆಟ್ ಹಾಕ್ತೀರಾ?"

"ಸ್ಟಾಕ್ ಇಲ್ಲ ಮೇಡಂ. ಎಲ್ಲರಿಗೂ ಹಿಂಗೇ ಹಾಕೋದು."

"ನಾನು ತಂದುಕೊಡ್ಲಾ?"

"ಇನ್‌ಚಾರ್ಜ್‌ನ ಕೇಳಿ."

ಇನ್‌ಚಾರ್ಜ್ ಒಪ್ಪಿದರು. ಕೆಳಗಿನ ಫಾರ್ಮಸಿಯಲ್ಲೇ ಇತ್ತು! ವಾರ್ಡಿಗೆ ತರಿಸಿಕೊಳ್ಳುತ್ತಿರಲಿಲ್ಲ ಅಷ್ಟೇ. ಆ ಸಿಸ್ಟರ್ ಕೆಟ್ಟವರಲ್ಲ. ಕಲಿಸಿದ ಹಾಗೆ ಮಾಡುತ್ತಿದ್ದರು. ಕೆಳಗಿನ ಮಹಡಿಯಲ್ಲಿ ಬೇಡ ಅಂದದ್ದನ್ನು ಮೇಲಿನ ಮಹಡಿಯಲ್ಲಿ ಯಾಕೆ ಬಿಟ್ಟಿದ್ದೀರಿ ಅನ್ನುವುದು ಆಡಳಿತದವರು ಉತ್ತರ ಕೊಡಬೇಕಾದ ಪ್ರಶ್ನೆ.

ಎರಡನೆಯ ದೂರು ಫ್ಲಷ್ ಬಾಟಲಿ. ಇಂಜೆಕ್ಷನ್ ಕೊಡುವ ಮುಂಚೆ, ಕೊಟ್ಟ ಮೇಲೆ ಕ್ಯಾನುಲಾಗೆ ಸ್ವಲ್ಪ ಎನ್‌ಎಸ್ ಹಾಕಿ ತೊಳೆಯುತ್ತಾರಲ್ಲ, ಅದಕ್ಕೆ. ಟ್ರಾಲಿಯ ಮೇಲೆ 100 ಎಂಎಲ್ ಎನ್‌ಎಸ್ ಬಾಟಲಿ. ಅದರ ಬಾಯಿಗೆ ಒಂದು ಸೂಜಿ ಚುಚ್ಚಿ ಹಾಗೇ ಬಿಟ್ಟಿದ್ದರು. ಬೆಳಗಿನಿಂದ ಎಲ್ಲಾ ಮಂಚದವರಿಗೂ ಅದರಿಂದಲೇ ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದರು. ಇದರಲ್ಲಿ ಒಂದು ಸಲ ಬ್ಯಾಕ್ಟೀರಿಯಾ ಸೇರಿತು ಅಂದರೆ ಆ ಸಾಲಿನ ಅಷ್ಟೂ ಜನಕ್ಕೆ ಹೋಯಿತು. ಊರಿನ ಬಾವಿಗೆ ಒಬ್ಬರು ಕೊಳೆ ಕೊಡ ಇಳಿಸಿದ ಹಾಗೆ. ಒಂದೊಂದು ರೋಗಿಗೆ ಒಂದೊಂದು ಸಲಕ್ಕೆ 10 ಎಂಎಲ್‌ನ ಪುಟ್ಟ ಆಂಪೂಲ್ ಒಡೆದು ಉಳಿದದ್ದನ್ನು ಚೆಲ್ಲಬೇಕು. ಐಸಿಯುನಲ್ಲಿ ಹಾಗೇ ಮಾಡುತ್ತಿದ್ದರು. ನವಜಾತ ಶಿಶುಗಳ ವಾರ್ಡುಗಳಲ್ಲಿ ಇಂಥ ಹಂಚಿಕೊಂಡ ಬಾಟಲಿಗಳಿಂದಲೇ ಸೋಂಕು ಹರಡಿದ ಘಟನೆಗಳು ಬೇರೆ ಬೇರೆ ದೇಶಗಳಲ್ಲಿ ಆಗಿವೆ. ಇದು ನನಗೆ ಸೂಜಿಗಿಂತ ಜಾಸ್ತಿ ಭಯ ಹುಟ್ಟಿಸಿತು. ಅವ್ವನಿಗೆ ಬೇಕಾದ ಆಂಪೂಲುಗಳನ್ನು ನಾನೇ ಡಬ್ಬದಲ್ಲಿ ತಂದು ತಲೆದಿಂಬಿನ ಪಕ್ಕದ ಡ್ರಾಯರ್‌ನಲ್ಲಿ ಇಟ್ಟೆ. ಪಕ್ಕದ ಮಂಚದ ಕೆ.ಆರ್. ನಗರದ ಅಜ್ಜನ ಮಗ ನೋಡಿ "ಅಕ್ಕಾ, ನಮ್ಮಪ್ಪಂಗೂ ತಂದ್ಕೊಡಿ" ಅಂದ. ತಂದುಕೊಟ್ಟೆ.

ಒಂದು ವಿಷಯದಲ್ಲಿ ವಾರ್ಡಿನವರ ಪರ ಮಾತಾಡಬೇಕು. ಅಲ್ಲಿ ಎಷ್ಟೋ ಜನ ಕ್ಯಾನುಲಾ ಮೂರು ದಿನ ಆಯಿತು, ಬದಲಾಯಿಸಿ ಅಂತ ಸಿಸ್ಟರ್ ಜೊತೆ ಜಗಳ ಆಡುತ್ತಿದ್ದರು. ಅದು ಬೇಕಾಗಿಲ್ಲ. ದಿನ ಎಣಿಸಿ ಬದಲಾಯಿಸುವುದಕ್ಕೂ, ತೊಂದರೆ ಕಂಡಾಗ ಬದಲಾಯಿಸುವುದಕ್ಕೂ ಸೋಂಕಿನಲ್ಲಿ ವ್ಯತ್ಯಾಸ ಇಲ್ಲ ಅಂತ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನವೊಂದು 2012ರಲ್ಲೇ ತೋರಿಸಿದೆ. ಆದರೆ ಆ ಜಾಗವನ್ನು ದಿನಾ ನೋಡಬೇಕು. ಕೆಂಪಗಾಗಿದೆಯಾ, ಊದಿದೆಯಾ, ಮುಟ್ಟಿದರೆ ನೋಯುತ್ತಾ, ನರ ಹಗ್ಗದ ಹಾಗೆ ಗಟ್ಟಿಯಾಗಿದೆಯಾ, ಪ್ಲಾಸ್ಟರ್ ಒದ್ದೆಯಾಗಿ ಎದ್ದಿದೆಯಾ. ಇದರಲ್ಲಿ ಒಂದು ಇದ್ದರೂ ತೆಗೆಸಿ. ಡ್ರಿಪ್ಸೂ ಇಲ್ಲ, ಇಂಜೆಕ್ಷನ್ನೂ ಇಲ್ಲ, "ಇರ್ಲಿ ಬಿಡಿ, ನಾಳೆ ಬೇಕಾಗಬಹುದು" ಅಂತ ಉಳಿಸಿದ ಕ್ಯಾನುಲಾ ಇದ್ದರಂತೂ ಖಂಡಿತ ತೆಗೆಸಿ.

ನಮ್ಮ ಜನರ ಬಗ್ಗೆಯೂ ಒಂದು ಮಾತು. ಡ್ರಿಪ್ಸ್ ನಿಂತಿತು ಅಂತ ಕ್ಯಾನುಲಾ ಅಲ್ಲಾಡಿಸುವುದು, ಪೈಪ್ ಕಳಚಿ ಮತ್ತೆ ಸಿಕ್ಕಿಸುವುದು, ಬಾತ್‌ರೂಮಿಗೆ ಹೋಗುವಾಗ ಬಾಟಲಿ ಕಳಚಿ ತುದಿಯನ್ನು ಹಾಸಿಗೆ ಮೇಲೆ ಬಿಡುವುದು, ಇದೆಲ್ಲಾ ನಾನು ವಾರ್ಡಿನಲ್ಲಿ ನೋಡಿದೆ. ದಯವಿಟ್ಟು ಮಾಡಬೇಡಿ. ಬೆಲ್ ಒತ್ತಿ, ಕಾಯಿರಿ. "ಎರಡು ಬಾಟ್ಲಿ ಗ್ಲೂಕೋಸ್ ಹಾಕಿ, ಸುಸ್ತು ಹೋಗ್ತದೆ" ಅಂತ ನನ್ನ ಅಂಗಡಿಗೂ ಬರುತ್ತಾರೆ. ಬಾಯಲ್ಲಿ ಕುಡಿಯಲು ಆಗುವವರಿಗೆ ಅದು ಬೇಡ. ಚರ್ಮ ತೂರಿ ನರಕ್ಕೆ ದಾರಿ ಮಾಡುವುದು ಅಂದರೆ ಬ್ಯಾಕ್ಟೀರಿಯಾಕ್ಕೂ ದಾರಿ ಮಾಡಿದ ಹಾಗೆ.

ರಾತ್ರಿ ಪಾಳಿ ಈ ಆಸ್ಪತ್ರೆಯ ದೊಡ್ಡ ಕೊರತೆ. ಹಗಲು ವಾರ್ಡಿನಲ್ಲಿ ನಾಲ್ಕೈದು ಸಿಸ್ಟರ್ ಇರುತ್ತಾರೆ. ರಾತ್ರಿ ಇಬ್ಬರು. ಭಾನುವಾರ ರಾತ್ರಿ ಒಬ್ಬರೇ ಓಡಾಡುತ್ತಿದ್ದರು. ಅಷ್ಟೂ ಮಂಚಕ್ಕೆ ರಾತ್ರಿ ಹತ್ತರ ಇಂಜೆಕ್ಷನ್ ಕೊಡಬೇಕು. ಹದಿನೈದು ಸೆಕೆಂಡ್ ಉಜ್ಜಿ, ಒಣಗಲು ಬಿಟ್ಟು ಕೊಡಿ ಅಂದರೆ ಅವರಾದರೂ ಹೇಗೆ ಕೊಡುತ್ತಾರೆ? ಕೈ ತೊಳೆಯುವ ಪೋಸ್ಟರ್ ಎಷ್ಟು ಅಂಟಿಸಿದರೂ ಕೈಗಳೇ ಕಡಿಮೆ ಇದ್ದರೆ ಆಗುವುದಿಲ್ಲ. ಲಾಬಿಗೆ ಹಾಕಿದ ದುಡ್ಡಿನಲ್ಲಿ ಸ್ವಲ್ಪ ಇಲ್ಲಿಗೆ ಹಾಕಲಿ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಒಪ್ಪಿಗೆ ಪತ್ರ ಬರೀ ಇಂಗ್ಲಿಷಿನಲ್ಲಿದೆ. ಕೇಳಿದರೆ ಓದಿ ಹೇಳುತ್ತಾರೆ, ಆದರೆ ಕೇಳಬೇಕು. ಬಿಲ್ ಕಡಿಮೆ ಏನಲ್ಲ. ಔಷಧಿಗೆ ಪೂರ್ತಿ ಎಂಆರ್‌ಪಿ ಹಾಕಿದ್ದಾರೆ. ಆದರೆ ಪ್ರತಿ ಡ್ರಿಪ್ಸ್, ಪ್ರತಿ ವಯಲ್ ಬ್ಯಾಚ್ ನಂಬರ್ ಸಮೇತ ಬಿಲ್ಲಿನಲ್ಲಿ ಇದೆ. ಆ ಬಿಲ್ಲನ್ನು ಎಸೆಯಬೇಡಿ. ಕ್ಯಾಂಟೀನಿನ ಇಡ್ಲಿ ಪರವಾಗಿಲ್ಲ, ಕಾಫಿ ಚೆನ್ನಾಗಿದೆ. ರೋಗಿಗೆ ಕೊಡುವ ಗಂಜಿಗೆ ಉಪ್ಪೇ ಇರುವುದಿಲ್ಲ. ಅವ್ವ ಬಾಯಿಬಿಟ್ಟು ಉಪ್ಸಾರು ಮುದ್ದೆ ಕೇಳಿದ ದಿನ ಡಯಟಿಷಿಯನ್ ಎಣ್ಣೆ ಇಲ್ಲದೆ ಮಾಡಿ ತನ್ನಿ ಅಂತ ಒಪ್ಪಿದರು. ಅದಕ್ಕೆ ನಮ್ಮ ಮನೆಯವರೆಲ್ಲರ ಕಡೆಯಿಂದ ಅವರಿಗೆ ಧನ್ಯವಾದ.

ಡಿಸ್ಚಾರ್ಜ್ ಆಗುವಾಗ ಅಭಿಪ್ರಾಯದ ಫಾರಂ ಕೊಟ್ಟರು. ನಕ್ಷತ್ರ ತುಂಬಿಸಿ ಬಿಡದೆ, ಹಿಂದಿನ ಬದಿಯಲ್ಲಿ ಸೂಜಿಯದ್ದು, ಫ್ಲಷ್ ಬಾಟಲಿಯದ್ದು, ಭಾನುವಾರ ರಾತ್ರಿಯದ್ದು ಬರೆದೆ. ಐಸಿಯು ಸಿಸ್ಟರ್ ಬಗ್ಗೆಯೂ ಬರೆದೆ. ಕೆಲವು ದಿನ ಆದಮೇಲೆ ಅವರ ಸೋಂಕು ನಿಯಂತ್ರಣ ವಿಭಾಗದ ನರ್ಸ್ ಒಬ್ಬರು ಫೋನ್ ಮಾಡಿದರು. ಇಂಥ ಹುದ್ದೆ ದೊಡ್ಡ ಆಸ್ಪತ್ರೆಗಳಲ್ಲೆಲ್ಲಾ ಇರುತ್ತದೆ, ನೀವು ದಾಖಲಾದಾಗಲೇ ಅವರನ್ನು ಭೇಟಿ ಮಾಡಬೇಕು ಅಂತ ಕೇಳಬಹುದು. ಅವರು ನೆಪ ಹೇಳಲಿಲ್ಲ. ಹಂಚಿಕೊಳ್ಳುವ ಫ್ಲಷ್ ಬಾಟಲಿಯನ್ನು ವಾರ್ಡಿನಿಂದ ತೆಗೆಸಿದ್ದೇವೆ ಅಂದರು. ವೆಂಟ್ ಸೆಟ್ ವಾರ್ಡಿನ ಪಟ್ಟಿಗೆ ಸೇರಿದೆ, ಬ್ಯಾಗು ಮುಂದಿನ ಖರೀದಿಯಲ್ಲಿ ನೋಡುತ್ತೇವೆ ಅಂದರು. ರಾತ್ರಿ ಸಿಬ್ಬಂದಿಯ ಮಾತಿಗೆ ಮಾತ್ರ "ಮ್ಯಾನೇಜ್‌ಮೆಂಟ್‌ಗೆ ತಿಳಿಸಿದ್ದೀವಿ" ಅನ್ನುವುದಷ್ಟೇ ಉತ್ತರ.

ಪಿತ್ತಕೋಶದ ಆಪರೇಷನ್‌ಗೆ ಅವ್ವನನ್ನು ಇಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಐಸಿಯುಗೆ ಐದಕ್ಕೆ ಐದು. ವಾರ್ಡಿಗೆ ಈಗ ಎರಡೂವರೆ. ಆಪರೇಷನ್ ಆಗಿ ವಾರ್ಡಿಗೆ ಬಂದ ದಿನ ಸ್ಟ್ಯಾಂಡು, ಟ್ರಾಲಿ ಎರಡನ್ನೂ ನೋಡಿ ಈ ಅಂಕ ಬದಲಾಯಿಸುತ್ತೇನೆ.